ಗುಡಿಯ ಕಲ್ಲುಹಾಸಿನ ಆಟದ ಮನೆಗಳು
ಹುನಗುಂದ ತಾಲೂಕಿನ ಐಹೊಳೆ ಮತ್ತು ಬಾದಾಮಿ ತಾಲೂಕಿನ ಪಟ್ಟದಕಲ್ಲಿನ ಚಾಲುಕ್ಯ ಗುಡಿಗಳಲ್ಲಿ ಗೋಡೆಯ ಶಿಲ್ಪಗಳತ್ತ ತಲೆಯೆತ್ತುವವರು, ಕಾಲಡಿಯ ಮರಳುಗಲ್ಲಿನಲ್ಲಿ ಕೊರೆದ ಆಟದ ಮನೆಗಳನ್ನು, ಅಂದರೆ ಕಾಯಿ ನಡೆಸುವ ಗೆರೆ-ಚೌಕಗಳನ್ನು, ಸಾಮಾನ್ಯವಾಗಿ ಗಮನಿಸುವುದಿಲ್ಲ. ಗುಡಿಗಳು 6ರಿಂದ 8ನೆಯ ಶತಮಾನದವೆಂದು ಗೆರೆಗಳೂ ಅಷ್ಟೇ ಹಳೆಯವು ಎನ್ನಲಾಗದು. ಕಲ್ಲು ಹಾಸಿದ ಮೇಲೆ ಯಾವ ಕಾಲದಲ್ಲಾದರೂ, ಬಿಡುವಿದ್ದ ಯಾವ ಕೈಯಾದರೂ ಅವನ್ನು ಕೊರೆದಿರಬಹುದು.

ಕನ್ನಡ ನಾಡಿನ ಇಂಥ ಆಟಗಳಲ್ಲಿ ಚೌಕಾಬಾರಕ್ಕೆ 25 ಮನೆಗಳು ಸಾಕು. ಚೆಲ್ಲಿದ 4 ಕವಡೆಗಳೂ ಅಂಗಾತ ಬಿದ್ದರೆ ‘ಚೌಕ’, ಅಂದರೆ 4. ಎಲ್ಲವೂ ಬೋರಲಾದರೆ ‘ಬಾರ’, ಅಂದರೆ 8. ಕವಡೆ ಇಲ್ಲದಿದ್ದರೆ ಒಂದು ಮಗ್ಗುಲು ತೇಯ್ದು ಬೆಳ್ಳಗಾಗಿಸಿದ ಹುಣಸೆಬೀಜವೇ ನಡೆಯುತ್ತದೆ. ಹುಲಿ-ಕುರಿ ಆಟದಲ್ಲಾದರೋ ಕವಡೆಯ ಮಾತೇ ಇಲ್ಲ. ಕೆಲವೇ ಹುಲಿಗಳು ಜಿಗಿದು ಕುರಿಗಳನ್ನು ಕೊಲ್ಲುತ್ತವೆ, ಕುರಿಗಳು ಒಟ್ಟಾಗಿ ಹುಲಿಗಳನ್ನು ಕಟ್ಟಿಹಾಕುತ್ತವೆ. ಅದೃಷ್ಟವನ್ನು ದೂರುವಂತಿಲ್ಲವಾದ್ದರಿಂದ ಸುತ್ತ ಕುಳಿತವರ ಸಲಹೆ, ತಕರಾರುಗಳಿಗೆ ಇದು ತಕ್ಕ ಆಟ. ಇಂದು ಮೊಬೈಲಿನ ವಿಡಿಯೊ ಗೇಮಿನ ಸುತ್ತ ಏಳುವ ವಾದವೂ ಬಹುಶಃ ಇದೇ ಜಾತಿಯದು.

ಕಲ್ಯಾಣದ ಚಾಲುಕ್ಯ ದೊರೆ 3ನೆಯ ಸೋಮೇಶ್ವರನ 12ನೆಯ ಶತಮಾನದ ಸಂಸ್ಕೃತ ಕೃತಿ ‘ಮಾನಸೋಲ್ಲಾಸ’ವು ಕ್ರೀಡೆಗೆಂದೇ ಒಂದು ವಿಂಶತಿಯನ್ನು, ಅಂದರೆ 20 ಅಧ್ಯಾಯಗಳ ಭಾಗವನ್ನು, ಮೀಸಲಿಟ್ಟಿದ್ದರೂ ಅದು ಅರಮನೆಯ ವಿನೋದದ ಬರಹ, ಕಲ್ಲುಹಾಸಿನ ಆಟಗಾರರು ಬಿಟ್ಟುಹೋದದ್ದು ಗೆರೆಗಳನ್ನು ಮಾತ್ರ.