ಬಿಟ್ಟು ಬಂದ ಊರು, ಬಿಡದ ಹೆಸರು

ಹುಬ್ಬಳ್ಳಿಯಿಂದ ಹಾವೇರಿಗೆ ಹೋಗುವ ರೈಲುಮಾರ್ಗದಲ್ಲಿ ಸವಣೂರು ತಾಲ್ಲೂಕಿನ ಯಲವಿಗಿ ಸಿಗುತ್ತದೆ. ಆ ಊರಿನಲ್ಲಿ ನಿಂತು ಒಬ್ಬರನ್ನು ‘ಯಲವಿಗಿಯವರೇ’ ಎಂದು ಕೂಗಿದರೆ ಯಾರ ಗುರುತೂ ಸಿಗದು. ಅಲ್ಲಿ ಎಲ್ಲರೂ ಯಲವಿಗಿಯವರೇ. ಅಲ್ಲಿಂದ ಒಂದು ಮನೆತನ ಗದಗಕ್ಕೋ ಹುಬ್ಬಳ್ಳಿಗೋ ಹೋಗಿ ನೆಲೆಸಿದರೆ ಮಾತ್ರ ಆ ಹೆಸರಿಗೆ ಕೆಲಸ ಬರುತ್ತದೆ. ಓಣಿಯ ಜನ ‘ಯಲವಿಗಿಯವರ ಮನೆ’ ಎನ್ನುತ್ತಾರೆ, ಶಾಲೆಯ ದಾಖಲೆ ಅದನ್ನು ‘ಯಲವಿಗಿ’ ಎಂದು ಮೊಟಕಾಗಿಸುತ್ತದೆ, ಅಡ್ಡಹೆಸರು ಹುಟ್ಟುತ್ತದೆ. ನಮ್ಮ ಕಡೆಯ ಊರಹೆಸರಿನ ಅಡ್ಡಹೆಸರುಗಳು ಸಾಮಾನ್ಯವಾಗಿ ಇರುವ ಊರನ್ನಲ್ಲ, ಬಿಟ್ಟು ಬಂದ ಊರನ್ನು ಹೇಳುತ್ತವೆ.

ವಿ.ಕೃ. ಗೋಕಾಕರು 1909ರಲ್ಲಿ ಹುಟ್ಟಿದ್ದು ಸವಣೂರಿನಲ್ಲಿ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬಾಳಿದ ಗಾಯಕಿ ಗಂಗೂಬಾಯಿ ಹಾನಗಲ್. ಅವರ ತಂದೆಯ ಅಡ್ಡಹೆಸರು ನಾಡಿಗೇರ, ಪತಿಯದು ಕೌಲಗಿ. ಇವೆರಡನ್ನೂ ದಾಟಿ ಅವರ ಹೆಸರಿನಲ್ಲಿ ನಿಂತದ್ದು ಒಂದು ಊರು. ಹಳೆ ಮೈಸೂರಿನ ಕಡೆ ಊರು ಹೆಸರಿಗಿಂತ ಮೊದಲು ಬಂದು ಇನಿಷಿಯಲ್ ಆಗಿಬಿಡುತ್ತದೆ: ಕೆ.ವಿ. ಪುಟ್ಟಪ್ಪನವರ ‘ಕೆ’ ಎಂದರೆ ಕುಪ್ಪಳಿ. ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳ ಶರೀಫರ ಹೆಸರಿನಲ್ಲೂ ಊರೇ ಮೊದಲು; ಅಲ್ಲಿ ಅದು ಇದ್ದ ಊರು.

ಊರಿನಿಂದ ಬಾರದ ಅಡ್ಡಹೆಸರುಗಳ ವ್ಯಾಕರಣ ಇನ್ನೂ ಸೊಗಸಾಗಿದೆ. ಗೌಡರ, ಶೆಟ್ಟರ, ಬೆಲ್ಲದ ಎಲ್ಲವೂ ಷಷ್ಠೀ ವಿಭಕ್ತಿಯಲ್ಲಿ ನಿಂತಿವೆ. ‘ಗೌಡರ’ ಎಂದರೆ ಗೌಡರ ಮನೆಯ. ‘ಬೆಲ್ಲದ’ ಎಂದರೆ ಬೆಲ್ಲದ ವ್ಯಾಪಾರದ ಮನೆಯವರು. ಮುಂದಿನ ಪದ ಬಿದ್ದುಹೋಗಿದೆ, ವಿಭಕ್ತಿ ಉಳಿದಿದೆ. ಅಡ್ಡಹೆಸರು ವ್ಯಕ್ತಿಯದಲ್ಲ, ಮನೆಯದು. ಅದನ್ನು ಇಟ್ಟವರು ನೆರೆಹೊರೆಯವರು. ಅಂಗಡಿ, ಮೆಣಸಿನಕಾಯಿ, ಉಳ್ಳಾಗಡ್ಡಿಗಳಂಥ ಹೆಸರುಗಳಲ್ಲಿ ಸಂತೆಯ ವಾಸನೆ ಇನ್ನೂ ಹೋಗಿಲ್ಲ.

ಹುದ್ದೆಯ ಹೆಸರುಗಳ ಕಥೆ ಇಷ್ಟು ಹಗುರವಲ್ಲ. ಪಾಟೀಲ, ಕುಲಕರ್ಣಿ, ತಳವಾರ, ವಾಲೀಕಾರ ಇವು ಗ್ರಾಮಾಡಳಿತದ ಕೆಲಸಗಳು. ಮುಂಬೈ ಪ್ರಾಂತದ 1874ರ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆ ಇಂಥ ವತನಗಳನ್ನು ಕಾನೂನಿನ ಚೌಕಟ್ಟಿಗೆ ತಂದಿತು. ತಂದೆಯ ಹುದ್ದೆ ಮಗನಿಗೆ ಬರುವಾಗ ಹುದ್ದೆಯ ಹೆಸರೂ ಮನೆಯ ಹೆಸರಾಗಿ ಗಟ್ಟಿಯಾಯಿತು. ಕುಲಕರ್ಣಿ ವತನಗಳನ್ನು 1950ರ ಮುಂಬೈ ಕಾಯ್ದೆ ರದ್ದು ಮಾಡಿತು. ಉಳಿದ ಗ್ರಾಮ ಹುದ್ದೆಗಳ ವಂಶಪಾರಂಪರ್ಯವನ್ನು ಮೈಸೂರು ರಾಜ್ಯದ 1961ರ ಕಾಯ್ದೆ 1963ರಿಂದ ಕೊನೆಗೊಳಿಸಿತು. ಹುದ್ದೆ ಹೋಯಿತು, ಹೆಸರು ಹೋಗಲಿಲ್ಲ.

ಬಾಡಿಗೆ ಮನೆ ಹುಡುಕುವಾಗ ‘ಅಡ್ಡಹೆಸರೇನ್ರೀ?’ ಎಂಬ ಪ್ರಶ್ನೆಯನ್ನು ನಾನೂ ಎದುರಿಸಿದ್ದೇನೆ. ಕೇಳುವವರಿಗೆ ಬೇಕಾದದ್ದು ಇತಿಹಾಸವಲ್ಲ, ಜಾತಿ. ಪಾಟೀಲ ಎಂದಾಗ ಕುರ್ಚಿ ಮುಂದೆ ಬರುತ್ತದೆ, ತಳವಾರ ಎಂದಾಗ ಮಾತು ಬೇರೆಡೆ ಹೊರಳುತ್ತದೆ. ಎರಡೂ ಒಂದೇ ಊರಿನ ಕೆಲಸ ನಡೆಸಿದ ಹುದ್ದೆಗಳು. ಸಾಲದ್ದಕ್ಕೆ ಈ ಊಹೆಗೆ ಬುನಾದಿಯೂ ಗಟ್ಟಿಯಿಲ್ಲ: ಪಾಟೀಲರು ಲಿಂಗಾಯತರಲ್ಲಿದ್ದಾರೆ, ಜೈನರಲ್ಲಿದ್ದಾರೆ, ಮರಾಠರಲ್ಲಿದ್ದಾರೆ, ಮುಸ್ಲಿಮರಲ್ಲೂ ಇದ್ದಾರೆ.

ಇದರಿಂದ ಬೇಸತ್ತು ಅಡ್ಡಹೆಸರನ್ನೇ ಕೈಬಿಡುವ ಗೆಳೆಯರಿದ್ದಾರೆ. ಅವರ ನಿರ್ಧಾರವನ್ನು ನಾನು ಗೌರವಿಸುತ್ತೇನೆ. ಆದರೆ ಬಿಡುವ ಮೊದಲು ಮನೆಯ ಹಿರಿಯರನ್ನು ಒಮ್ಮೆ ಕೇಳಿ: ಆ ಊರನ್ನು ನಾವು ಯಾವಾಗ ಬಿಟ್ಟೆವು? ಬರವೋ, ನೌಕರಿಯೋ, ದಾಯಾದಿ ಜಗಳವೋ? ಅಜ್ಜಿ ಯಾವ ಅಡ್ಡಹೆಸರು ಬಿಟ್ಟು ಈ ಮನೆಗೆ ಬಂದಳು? ಸರ್ಕಾರಿ ದಫ್ತರದಲ್ಲಿ ಸಿಗದ ಈ ಉತ್ತರಗಳು ಹೇಳುವವರೊಂದಿಗೇ ಹೋಗಿಬಿಡುತ್ತವೆ.