ರೂಟರ್‌ನಿಂದ ನಿರಂತರ ಸಂಪರ್ಕ ಪರೀಕ್ಷೆ: ಅರ್ಜಿದಾರರಿಗೆ ಹಾಗೂ ಸೇವಾ ಕೇಂದ್ರಗಳಿಗೆ ಮಾಹಿತಿ

ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸುವಾಗ, ವಿಶೇಷವಾಗಿ ಶುಲ್ಕ ಪಾವತಿಯ ಹಂತದಲ್ಲಿ, ಅಂತರಜಾಲ ಸಂಪರ್ಕವು ಕೆಲವೇ ಸೆಕೆಂಡು ಕಡಿತಗೊಂಡರೂ ಖಾತೆಯಿಂದ ಹಣ ಸಂದಾಯವಾಗಿ ಸ್ವೀಕೃತಿ ದೊರೆಯದೆ ಹೋಗಬಹುದು. ಇಂತಹ ದೋಷವು ದುರಸ್ತಿ ಸಿಬ್ಬಂದಿ ಬರುವ ವೇಳೆಗೆ ತಾನಾಗಿಯೇ ಸರಿಹೋಗಿರುವುದುಂಟು; ಆಗ ದೂರು 'ದೋಷ ಕಂಡುಬಂದಿಲ್ಲ' ಎಂಬ ಷರಾದೊಂದಿಗೆ ಮುಕ್ತಾಯವಾಗುತ್ತದೆ. ನಿರಂತರ ಪರೀಕ್ಷೆಯ ದಾಖಲೆಯು ಈ ಸಂದರ್ಭದಲ್ಲಿ ಅರ್ಜಿದಾರರ ನೆರವಿಗೆ ಬರುತ್ತದೆ.

ಪಿಂಗ್ ಎಂದರೇನು?

ದೂರದ ಗಣಕಕ್ಕೆ ಚಿಕ್ಕ ಸಂದೇಶವನ್ನು ಕಳುಹಿಸಿ, ಉತ್ತರ ಬರಲು ತಗಲುವ ಕಾಲವನ್ನು ಮಿಲಿಸೆಕೆಂಡುಗಳಲ್ಲಿ ಅಳೆಯುವ ಸಾಧನವೇ ಪಿಂಗ್. ಇದನ್ನು 1983ರ ಡಿಸೆಂಬರ್‌ನಲ್ಲಿ ಅಮೆರಿಕದ ಸೇನಾ ಪ್ರಯೋಗಾಲಯದಲ್ಲಿ ಮೈಕ್ ಮೂಸ್ ಅವರು ರಚಿಸಿದರು. ಸೋನಾರ್ ಉಪಕರಣದ ಧ್ವನಿಯಿಂದ ಈ ಹೆಸರು ಬಂದಿದೆ.

ವಿಂಡೋಸ್ ಗಣಕವು ಸಾಮಾನ್ಯವಾಗಿ 4 ಸಂದೇಶಗಳನ್ನೂ, ಸಿಸ್ಕೋ ರೂಟರ್ 5 ಸಂದೇಶಗಳನ್ನೂ ಕಳುಹಿಸಿ ನಿಲ್ಲುತ್ತದೆ. ಇದು ಸಾಲದು. ನೂರಕ್ಕೆ ಒಂದು ಸಂದೇಶ ಅಲ್ಲಲ್ಲಿ ನಷ್ಟವಾಗುವ ಮಾರ್ಗದಲ್ಲಿ 5 ಸಂದೇಶಗಳ ಪರೀಕ್ಷೆಯು 100ರಲ್ಲಿ ಸುಮಾರು 95 ಬಾರಿ ನಿರ್ದೋಷವೆಂದೇ ತೋರಿಸುತ್ತದೆ. ಸೆಕೆಂಡಿಗೆ ಒಂದರಂತೆ ದಿನವಿಡೀ ಕಳುಹಿಸಿದಲ್ಲಿ 86,400 ಸಂದೇಶಗಳಾಗಿ, ದೋಷದ ಸಮಯವೂ ತಿಳಿದುಬರುತ್ತದೆ.

ಪರೀಕ್ಷೆಯನ್ನು ಗಣಕದ ಬದಲು ರೂಟರ್‌ನಿಂದಲೇ ನಡೆಸುವುದು ಸೂಕ್ತ. ಗಣಕದಿಂದ ನಡೆಸಿದಾಗ ವೈಫೈ ದೋಷವೂ ಸೇವಾದಾರರ ಮಾರ್ಗದ ದೋಷವೂ ಬೆರೆತುಹೋಗುತ್ತವೆ; ಸೇವಾದಾರರು ವೈಫೈ ಕಡೆಗೆ ಬೆರಳು ತೋರಿಸಲು ಅವಕಾಶವಾಗುತ್ತದೆ.

ನಡೆಸುವ ವಿಧಾನ

ಮೈಕ್ರೋಟಿಕ್ ರೂಟರ್‌ಗಳಲ್ಲಿ ಪಿಂಗ್ ಆಜ್ಞೆಯು ನಿಲ್ಲಿಸುವವರೆಗೂ ನಡೆಯುತ್ತದೆ. ಸಿಸ್ಕೋ ರೂಟರ್‌ನಲ್ಲಿ ಪುನರಾವರ್ತನೆಯ ಸಂಖ್ಯೆಯನ್ನು ಹೆಚ್ಚಿಸಬಹುದು. ಕಂಟ್ರೋಲ್, ಶಿಫ್ಟ್ ಮತ್ತು 6 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಪರೀಕ್ಷೆ ನಿಲ್ಲುತ್ತದೆ. ಆದರೆ ಅದರಲ್ಲಿ ಉತ್ತರ ಬಂದೊಡನೆ ಮುಂದಿನ ಸಂದೇಶ ಹೊರಡುವುದರಿಂದ ಮಾರ್ಗಕ್ಕೆ ಅನಗತ್ಯ ಹೊರೆಯಾಗುತ್ತದೆ, ಸಮಯವೂ ದಾಖಲಾಗುವುದಿಲ್ಲ. ಅದೇ ರೂಟರ್‌ನ 'ಐಪಿ ಎಸ್‌ಎಲ್‌ಎ' ಸೌಲಭ್ಯದಲ್ಲಿ ನಿಗದಿತ ಅಂತರಕ್ಕೊಮ್ಮೆ ಪರೀಕ್ಷಿಸುವಂತೆ ಹೊಂದಿಸುವುದೇ ಮೇಲು. ಪರೀಕ್ಷೆಗೆ ಮೊದಲು ರೂಟರ್‌ನ ಗಡಿಯಾರ ಸರಿಯಿದೆಯೇ ಎಂದು ನೋಡತಕ್ಕದ್ದು. ತಪ್ಪು ಸಮಯದ ದಾಖಲೆಯಿಂದ ಪ್ರಯೋಜನವಿಲ್ಲ.

ಸೇವಾದಾರರ ಮೊದಲ ರೂಟರ್ ಹಾಗೂ ದೂರದ ಒಂದು ವಿಳಾಸ, ಹೀಗೆ ಎರಡು ಗುರಿಗಳನ್ನು ಏಕಕಾಲದಲ್ಲಿ ಪರೀಕ್ಷಿಸಬೇಕು. ಎರಡೂ ಒಂದೇ ಕ್ಷಣ ಉತ್ತರಿಸದಿದ್ದಲ್ಲಿ ದೋಷವು ಸಮೀಪದ ಮಾರ್ಗದಲ್ಲಿರುವ ಸಂಭವ ಹೆಚ್ಚು. ದೂರದ್ದು ಮಾತ್ರ ಉತ್ತರಿಸದಿದ್ದಲ್ಲಿ ದೋಷ ಆಚೆಗಿದೆ, ಇಲ್ಲವೇ ಆ ಗಣಕದಲ್ಲೇ ಇದೆ. ಮೊದಲ ರೂಟರ್ ಉತ್ತರಿಸದೆ ದೂರದ್ದು ತಪ್ಪದೆ ಉತ್ತರಿಸುತ್ತಿದ್ದರೆ ಅದನ್ನು ದೋಷವೆಂದು ಭಾವಿಸಬಾರದು. ಹಲವು ರೂಟರ್‌ಗಳು ತಮಗೇ ಬಂದ ಪಿಂಗ್‌ಗೆ ಉತ್ತರಿಸುವುದನ್ನು ಕೊನೆಯ ಆದ್ಯತೆಯ ಕೆಲಸವಾಗಿ ಇರಿಸಿಕೊಂಡಿರುತ್ತವೆ.

ಪಿಂಗ್ ಸರಾಗವಾಗಿದ್ದರೂ ಅರ್ಜಿಯ ಪುಟ ಅರ್ಧಕ್ಕೇ ನಿಲ್ಲುವ ಪ್ರಸಂಗವೂ ಇದೆ. ಚಿಕ್ಕ ಸಂದೇಶಗಳು ದಾಟಿ ದೊಡ್ಡವು ಸಿಲುಕಿಕೊಳ್ಳುವುದು ಇದಕ್ಕೆ ಒಂದು ಕಾರಣ. ಬಳಕೆದಾರರ ಹೆಸರು ಹಾಗೂ ಗುಪ್ತಪದ ಬೇಡುವ ಪಿಪಿಪಿಒಇ ಸಂಪರ್ಕಗಳಲ್ಲಿ ಗರಿಷ್ಠ ಗಾತ್ರ ಸಾಮಾನ್ಯವಾಗಿ 1492 ಬೈಟ್. ಸಂದೇಶವನ್ನು ಒಡೆಯಬಾರದೆಂಬ ಸೂಚನೆಯೊಂದಿಗೆ ಈ ಗಾತ್ರದ ಪಿಂಗ್ ಕಳುಹಿಸಿ ನೋಡಬಹುದು. ಸಿಸ್ಕೋ ರೂಟರ್‌ನಲ್ಲಿ 1492 ಎಂದೇ ನಮೂದಿಸಬೇಕು. ವಿಂಡೋಸ್ ಮತ್ತು ಲಿನಕ್ಸ್ ಗಣಕಗಳಲ್ಲಿ ಶಿರೋಭಾಗದ 28 ಬೈಟ್ ಕಳೆದು 1464 ಎಂದು ನಮೂದಿಸಬೇಕು. ಈ ವ್ಯತ್ಯಾಸ ತಿಳಿಯದೆ ಸರಿಯಿರುವ ಮಾರ್ಗವನ್ನು ದೂಷಿಸಿದವರು ಕಡಿಮೆಯಿಲ್ಲ.

ದೂರು ನೀಡುವಾಗ

ದಿನಾಂಕ, ಉತ್ತರ ನಿಂತ ಹಾಗೂ ಪುನಃ ಬಂದ ಸಮಯ, ಪರೀಕ್ಷಿಸಿದ ವಿಳಾಸಗಳು ಇವಿಷ್ಟನ್ನು ಬರೆದು ಸೇವಾದಾರರ ದೂರು ಕೇಂದ್ರಕ್ಕೆ ಸಲ್ಲಿಸಿ ಡಾಕೆಟ್ ಸಂಖ್ಯೆಯನ್ನು ಪಡೆಯತಕ್ಕದ್ದು. ಪರಿಹಾರ ತೃಪ್ತಿಕರವಾಗಿರದಿದ್ದಲ್ಲಿ, ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2012ರ ದೂರು ಪರಿಹಾರ ನಿಯಮಾವಳಿಯಂತೆ ಅದೇ ಸೇವಾದಾರರ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನಗಳೊಳಗೆ ಮನವಿ ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ. ಡಾಕೆಟ್ ಸಂಖ್ಯೆಯನ್ನು ಮನವಿಯಲ್ಲಿ ನಮೂದಿಸಿ, ಪರೀಕ್ಷೆಯ ದಾಖಲೆಯ ಪ್ರತಿಯನ್ನು ಲಗತ್ತಿಸುವುದು.