ಸಾಲುಮಂಟಪದ ಒಲೆ

ವಿಜಯನಗರದ ಬೀದೀಲಿ ಮುತ್ತುರತ್ನ ಮಾರುತ್ತಿದ್ದರು ಅಂತ ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. 1565ರ ಯುದ್ಧದಲ್ಲಿ ದೊರೆ ಸೋತ, ಪಟ್ಟಣ ಸೂರೆಹೋಯಿತು, ಹಂಪಿ ಹಾಳಾಯಿತು. ಪಾಠ ಅಲ್ಲಿಗೆ ಮುಗೀತು. ಆಮೇಲೆ ಆ ಹಾಳಿನಲ್ಲಿ ಬಾಳಿದವರು ಯಾರು? ಅದು ಪುಸ್ತಕದಲ್ಲಿಲ್ಲ.

ವಿರೂಪಾಕ್ಷ ಗುಡಿಯ ಮುಂದೆ ಸುಮಾರು ಮುಕ್ಕಾಲು ಕಿಲೋಮೀಟರ್ ಉದ್ದದ ತೇರುಬೀದಿ. ಎರಡೂ ಕಡೆ ಕಲ್ಲಿನ ಸಾಲುಮಂಟಪ. ಕಂಬದ ಮೇಲೆ ಚಪ್ಪಡಿ. ಸೂರಿಲ್ಲದವರಿಗೆ ಇನ್ನೇನು ಬೇಕು? ಕಳೆದ ಶತಮಾನದಲ್ಲಿ ಕುಟುಂಬಗಳು ಬಂದವು. ಕಂಬ ಕಂಬದ ನಡುವೆ ಗೋಡೆ ಎತ್ತಿ, ಬಾಗಿಲಿಟ್ಟು, ಸುಣ್ಣ ಬಳಿದು ಒಲೆ ಹಚ್ಚಿದವು. ಚಹಾ, ಬಾಳೆಹಣ್ಣು, ಕಾಯಿಕರ್ಪೂರದ ಅಂಗಡಿ ಎದ್ದವು. ಸತ್ತ ಬಜಾರು ಮತ್ತೆ ಬಜಾರಾಯಿತು.

ಹಾಳು ಕಟ್ಟಡವನ್ನ ಮನೆ ಮಾಡಿಕೊಂಡವರು ಇವರೇ ಮೊದಲಲ್ಲ. ಬ್ರಿಟಿಷರ ಕಾಲದಲ್ಲಿ ಪಕ್ಕದ ಕಮಲಾಪುರದ ಹಳೇ ಗುಡಿಯೊಂದನ್ನೇ ಸಾಹೇಬರ ಬಂಗಲೆ ಮಾಡಿದ್ದರು. ಅಧಿಕಾರಿ ಮಾಡಿದರೆ ಬಂಗಲೆ, ಬಡವ ಮಾಡಿದರೆ ಒತ್ತುವರಿ!

1986ರಲ್ಲಿ ಯುನೆಸ್ಕೋ ಹಂಪಿಯನ್ನ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2002ರಲ್ಲಿ ಹಂಪಿಗೇ ಒಂದು ಪ್ರಾಧಿಕಾರದ ಕಾಯ್ದೆ ಬಂತು. 2011ರ ಜುಲೈನಲ್ಲಿ ಬಂದದ್ದು ಜೆಸಿಬಿ. ಬಜಾರಿನ ಮನೆ ಅಂಗಡಿ ಕೆಡವಿದರು. 300ಕ್ಕೂ ಹೆಚ್ಚು ಕುಟುಂಬ ಬೀದಿಗೆ ಬಿದ್ದವು. ಪುನರ್ವಸತಿಗೆ ತೋರಿಸಿದ್ದು ಕಡ್ಡಿರಾಂಪುರದ ಕಡೆ ಜಾಗ. ಯಾತ್ರಿಕರು ಬರೋದು ಗುಡಿಯ ಬಾಗಿಲಿಗೆ. ಅಲ್ಲಿ ಕಾಯಿ ಮಾರುತ್ತಿದ್ದವರು ಮೈಲು ದೂರದ ಸೈಟಿನಲ್ಲಿ ಯಾರಿಗೆ ಮಾರಬೇಕು?

ಅಲ್ಲಿದ್ದವರೆಲ್ಲ ಬಡವರಲ್ಲ, ನಿಜ. ಲಾಡ್ಜು ಕಟ್ಟಿ ದುಡ್ಡು ಮಾಡಿದವರೂ ಇದ್ದರು. ಸಿಮೆಂಟಿನಿಂದ ಕಲ್ಲಿಗೆ ಪೆಟ್ಟೂ ಬಿದ್ದಿತ್ತು. ಆದರೆ ಕಲ್ಲು ಉಳಿಯಬೇಕಾದರೆ ಒಲೆ ಆರಲೇಬೇಕೆ?

ಇಂಗ್ಲೆಂಡಿನ ವಾರ್ವಿಕ್‌ಶೈರಿನಲ್ಲಿ ಆಸ್ಟ್ಲಿ ಅನ್ನೋ ಹಳೇ ಕೋಟೆಮನೆ ಇದೆ. 1978ರಲ್ಲಿ ಬೆಂಕಿಬಿದ್ದು ಪಾಳಾಯಿತು. ಲ್ಯಾಂಡ್‌ಮಾರ್ಕ್ ಟ್ರಸ್ಟ್ ಅನ್ನೋ ಸಂಸ್ಥೆ ಮುರಿದ ಗೋಡೆಗಳನ್ನ ಹಾಗೇ ಉಳಿಸಿ, ಅವುಗಳಿಗೆ ಹೊಸ ಇಟ್ಟಿಗೆ ಹೊಂದಿಸಿ, ರಜೆಗೆ ಬಂದ ಎಂಟು ಜನ ಬಾಡಿಗೆ ಕೊಟ್ಟು ಉಳಿಯೋ ಮನೆ ಮಾಡಿಸಿತು. 2013ರಲ್ಲಿ ಅದಕ್ಕೆ ಅಲ್ಲಿನ ವಾಸ್ತುಶಿಲ್ಪದ ದೊಡ್ಡ ಬಹುಮಾನ, ಸ್ಟರ್ಲಿಂಗ್ ಪ್ರಶಸ್ತಿ ಬಂತು. ಹಂಪಿಯ ಮನೆ ಕೆಡವಿ ಆಗ ಎರಡೇ ವರ್ಷ. ಅಂದರೆ ಹಳೇ ಕಲ್ಲೂ ಹೊಸ ಒಲೆಯೂ ಕೂಡಿ ಬಾಳುವ ವಿದ್ಯೆ ಲೋಕದಲ್ಲಿದೆ. ಹಣವಿದ್ದವರ ರಜೆಗೆ ಒದಗಿದ ಆ ವಿದ್ಯೆ ಕೂಲಿಯವರ ಸಂಸಾರಕ್ಕೆ ಒದಗಲಿಲ್ಲ.

ಆ ಮಂಟಪದ ಕಲ್ಲು ಕಡಿದವರು, ಹೊತ್ತವರು ದೊರೆಗಳಲ್ಲ; ಹೆಸರಿಲ್ಲದ ದುಡಿಮೆಯ ಜನ. ಅಂಥದೇ ಜನ ಅದರ ನೆರಳಿಗೆ ಬಂದಾಗ ಅತಿಕ್ರಮಣದಾರರಾದರು. ಪರಂಪರೆ ಅಂದರೆ ದೊರೆ ಕಟ್ಟಿಸಿದ್ದು ಮಾತ್ರವೇ? ಜನ ಬಾಳಿದ್ದು ಪರಂಪರೆಯಲ್ಲವೇ?

ಮೇಷ್ಟ್ರೇ, ಮಕ್ಕಳನ್ನ ಹಂಪಿಗೆ ಕರಕೊಂಡು ಹೋದಾಗ ಬಜಾರಿನ ಖಾಲಿ ಮಂಟಪದ ಮುಂದೆ ಐದು ನಿಮಿಷ ನಿಲ್ಲಿಸಿ. 1565 ಹೇಳಿದ ಮೇಲೆ 2011ನ್ನೂ ಹೇಳಿ.